ಬಿದ್ದ ಕರಡಿಗೆ ನಲವತ್ತು ಸೆಕೆಂಡು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ದೊಡ್ಡ ಸುಳ್ಳೇನಲ್ಲ, 'ಆನ್‌ಲೈನ್ ಕೆಲಸ' ಎಂದುಬಿಡುತ್ತೇನೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ. ಒಮ್ಮೆ ಮಾತ್ರ ಒಬ್ಬ ಅಜ್ಜಿ ಬಿಡಲಿಲ್ಲ. "ಆನ್‌ಲೈನ್ ಅಂದ್ರ ಏನ ಮಾಡ್ತಿ ಯವ್ವಾ?" ಎಂದು ಗಂಟುಬಿದ್ದಳು. ಬೇರೆ ದಾರಿ ಕಾಣದೆ, "ಟಿವಿಯಾಗ ಒಂದ ಕರಡಿ ಬರ್ತೈತಿ ಅಲ್ರಿ ಅಜ್ಜಿ, ಅದು ಏನ ಮಾತಾಡಬೇಕು ಅಂತ ನಾ ಬರೀತೇನಿ" ಎಂದೆ. ಅಜ್ಜಿ ನನ್ನ ನರೆತ ತಲೆ ನೋಡಿದಳು, ಕನ್ನಡಕ ನೋಡಿದಳು. ಆಮೇಲೆ ಬಹಳ ಕನಿಕರದಿಂದ, "ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?" ಎಂದು ಕೇಳಿದಳು.

ಇದ್ದಾರೆ ಅಜ್ಜಿ, ಆದರೆ ಅವರೂ ಕೈಬಿಟ್ಟಿದ್ದಾರೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಮಕ್ಕಳ ಕಾರ್ಟೂನುಗಳಿಗೆ ಕಥೆ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು, ಇದೇ ನನ್ನ ಅನ್ನ. ತಿದ್ದುವವರಿಗೆ ಸ್ಟೋರಿ ಎಡಿಟರ್ ಎಂಬ ಘನವಾದ ಹೆಸರಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೆಂದು ತಿಳಿದುಕೊಳ್ಳಿ. ನಾನು ಆರಿಸುವ ಭರದಲ್ಲಿ ಎಷ್ಟೋ ಸಲ ಅಕ್ಕಿಯನ್ನೇ ಹೊರಗೆ ಚೆಲ್ಲಿದ್ದೇನೆ. ಒಂದು ಎಪಿಸೋಡಿಗೆ ಹನ್ನೊಂದು ನಿಮಿಷ. ಅಷ್ಟರಲ್ಲಿ ಕಾಡಿಗೆ ಆಪತ್ತು ಬರಬೇಕು, ಪ್ರಾಣಿಗಳು ಓಡಬೇಕು, ಯಾರಾದರೂ ಕೆಸರಿಗೆ ಬೀಳಬೇಕು, ಆಪತ್ತು ಹೋಗಬೇಕು. ಹೊಸದಾಗಿ ಬರೆಯುವವರು ಕೊನೆಗೊಂದು ದೃಶ್ಯ ಇಟ್ಟೇ ಇಡುತ್ತಾರೆ: ತಪ್ಪು ಮಾಡಿದ ಪ್ರಾಣಿ ತಲೆ ತಗ್ಗಿಸಿ ಬಂದು ಕ್ಷಮೆ ಕೇಳುತ್ತದೆ. ಎಷ್ಟೇ ಬಿಗಿಯಾಗಿ ಬರೆದರೂ ಅದು ನಲವತ್ತು ಸೆಕೆಂಡು ತಿನ್ನುತ್ತದೆ. ಎಪಿಸೋಡು ಉದ್ದವಾದಾಗಲೆಲ್ಲ ನಾನು ಮೊದಲು ಕತ್ತರಿ ಹಾಕುವುದು ಅದಕ್ಕೇ. ಕೈಕೆಳಗಿನ ಹುಡುಗ ಹುಡುಗಿಯರಿಗೆ ಗುರುಮಂತ್ರದಂತೆ ಹೇಳಿಕೊಟ್ಟಿದ್ದೆ: "ಕ್ಷಮೆ ಕೇಳೋದು ಕಥೆ ಅಲ್ಲ. ಕಥೆ ಮುಗಿದ ಮೇಲಿನ ಆಕಳಿಕೆ." ಈ ಮಾತಿನ ಬಗ್ಗೆ ನನಗೆ ತುಂಬ ಹೆಮ್ಮೆಯಿತ್ತು.

ಇನ್ನು ಕರಡಿಯ ವಿಷಯ. ಕೆಲವು ವರ್ಷಗಳ ಹಿಂದೆ ಚಾನೆಲಿನವರು ಒಂದು ಪೆದ್ದ ಪಾತ್ರ ಬೇಕು, ಎರಡು ದಿನದಲ್ಲಿ ಬೇಕು ಎಂದರು. ಪೆದ್ದ ಪಾತ್ರಕ್ಕೆ ಒಂದು ಚಟ ಬೇಕು, ಒಂದು ನಡಿಗೆ ಬೇಕು, ಮಕ್ಕಳ ನಾಲಿಗೆಗೆ ಹತ್ತುವ ಒಂದು ಮಾತು ಬೇಕು. ನಾನು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ದಾಂಡೇಲಿಯ ಖಾದರ್ ಚಾಚಾನನ್ನು ಎತ್ತಿಕೊಂಡು ಬಂದು, ಮೈಮೇಲೆ ಕೂದಲು ಹಚ್ಚಿ, ಗಡಬಡಣ್ಣ ಎಂದು ಹೆಸರಿಟ್ಟು ಕೂರಿಸಿಬಿಟ್ಟೆ.

ಚಾಚಾ ಟಿವಿ ರಿಪೇರಿ ಮಾಡುತ್ತಿದ್ದವರು. ನಾನು ಚಿಕ್ಕವಳಿದ್ದಾಗ ಅಪ್ಪ ಕಾಗದದ ಮಿಲ್ಲಿನಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮದೇ ಮೊದಲ ಟಿವಿ. ಸುತ್ತ ಗುಡ್ಡ, ಕಾಡು. ಚಿತ್ರ ಬರುವುದೆಂದರೆ ದೊಡ್ಡವರ ಮನೆಯ ಬೀಗರು ಬಂದ ಹಾಗೆ, ಬಂದರೆ ಬಂದರು. ಗಾಳಿಗೆ ಆಂಟೆನಾ ತಿರುಗಿತೆಂದರೆ ಚಾಚಾಗೆ ಕರೆ ಹೋಗುತ್ತಿತ್ತು. ಅವರು ಹಂಚಿನ ಮಾಡು ಹತ್ತಿ, ಕೊಳವೆ ಹಿಡಿದು ತಿರುಗಿಸುತ್ತ, "ಬಂತೇನ್ರೀ?" ಎಂದು ಕೂಗುವರು. ಒಳಗಿನಿಂದ ನಾವು, "ಬಂತ್ರಿ, ಬಂತು... ಹೋತ್ರಿ!" ಎನ್ನುವೆವು. ಆ ಕಾಲದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಅರ್ಧ ಬಾಲ್ಯ ಮಾಡಿನ ಮೇಲಿನವರೊಂದಿಗೆ ಮಾತಾಡುವುದರಲ್ಲೇ ಕಳೆದಿದೆ.

ನನ್ನ ಕರಡಿಯೂ ಪ್ರತಿ ಎಪಿಸೋಡಿನಲ್ಲಿ ಏನನ್ನೋ ರಿಪೇರಿ ಮಾಡಲು ಎತ್ತರಕ್ಕೆ ಹತ್ತುತ್ತದೆ. ಮೇಲಿಂದ "ಬಂತೇನ್ರೀ?" ಎನ್ನುತ್ತದೆ. ನಲ್ಲಿಯಲ್ಲಿ ನೀರು ಬಂದಿರುತ್ತದೆ, ದೀಪ ಹತ್ತಿರುತ್ತದೆ, ಆದರೆ ಕೆಳಗಿನ ಕೋತಿಗಳು ಕಿಸಿಕಿಸಿ ನಗುತ್ತ "ಇನ್ನೂ ಇಲ್ಲ, ಇನ್ನೂ ಸ್ವಲ್ಪ ಆ ಕಡೆ!" ಎನ್ನುತ್ತವೆ. ಕರಡಿ ಆ ಕಡೆ ಸರಿಯುತ್ತದೆ, ದಡಲ್ಲನೆ ಬೀಳುತ್ತದೆ, ಎದ್ದು ಕಾಲೆಳೆಯುತ್ತ ಓಡುತ್ತದೆ. ಬರೆಯುವುದು ಹಿಂದಿಯಲ್ಲಾದರೂ ಕನ್ನಡದ ಮಾತುಗಳನ್ನೂ ನಾನೇ ಹೊಂದಿಸುತ್ತೇನೆ. ಆ "ಬಂತೇನ್ರೀ"ಯನ್ನು ಯಾರೂ ಮುಟ್ಟಕೂಡದೆಂದು ಜಗಳ ಮಾಡಿ ಉಳಿಸಿಕೊಂಡಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಹಳೆಯ ಶಾಸ್ತ್ರಕಾರರು ನಗುವನ್ನು ಆರು ಬಗೆಯಾಗಿ ಹಂಚಿ, ಮುಗುಳ್ನಗೆ ಉತ್ತಮರದು, ಹೊಟ್ಟೆ ಹಿಡಿದುಕೊಂಡು ನಗುವುದು ಅಧಮರದು ಎಂದು ದರ್ಜೆ ಕೊಟ್ಟಿದ್ದಾರೆ. ನಗುವವರಿಗೆ ದರ್ಜೆ ಕೊಟ್ಟರು, ಸರಿ. ನಗಿಸಲೆಂದು ಒಬ್ಬನನ್ನು ಬೀಳಿಸಿದವರು ಯಾವ ದರ್ಜೆ? ಅದನ್ನು ಯೋಚಿಸುವ ಪ್ರಸಂಗ ನನಗೆ ಬಂದದ್ದು ದಾಂಡೇಲಿಯಾಚೆಯ ಜೊಯಿಡಾದಲ್ಲಿ.

ಅಲ್ಲಿಯ ಶಾಲೆಯೊಂದರ ಟೀಚರು ಪರಿಚಯದವರು. "ಮಕ್ಕಳ ಜೋಡಿ ಒಂದ ತಾಸು ಮಾತಾಡ್ರಿ ಮೇಡಂ" ಎಂದು ಕರೆದಿದ್ದರು. ಇರುವುದೇ ನಾಲ್ಕು ಬಸ್ಸು, ಅದರಲ್ಲೊಂದನ್ನು ಹಿಡಿದು ಹೋದೆ. ಗಡಬಡಣ್ಣನನ್ನು ಬರೆಯುವವರು ಇವರೇ ಎಂದ ಕೂಡಲೆ ಮಕ್ಕಳು ಹೋ ಎಂದವು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳೂ "ಬಂತೇನ್ರೀ?" ಎಂದು ಅಪ್ಪಟ ಧಾರವಾಡದ ರಾಗದಲ್ಲಿ ಕೂಗಿದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ಬಿಸಿಯೂಟದ ಅಡುಗೆಯಾಕೆ ನನಗೆ ಚಹಾ ತಂದಳು. ಆಕೆಗೆ ಒಂದು ಕಾಲು ಗಿಡ್ಡ. ಒಂದೊಂದೇ ಹೆಜ್ಜೆ ಎಳೆದು ಬರುತ್ತಿರುವಾಗ ಹಿಂದಿನ ಸಾಲಿನಿಂದ ಮೆಲ್ಲಗೆ "ಬಂತೇನ್ರೀ?" ಎಂದಿತು ಒಂದು ದನಿ. ಇಡೀ ಕೋಣೆ ನಕ್ಕಿತು. ಟೀಚರೂ ನಗುತ್ತ, "ಈಕಿಗೆ ಎಲ್ಲಾರೂ ಗಡಬಡಕ್ಕ ಅಂತ ಕರೀತಾರ ರೀ. ನಿಮ್ಮ ಹೆಸರ ಊರತುಂಬ ಐತಿ ನೋಡ್ರಿ" ಎಂದರು. ಆ ಹೆಂಗಸೂ ನಕ್ಕಳು. ಆದರೆ ಚಹಾ ನನ್ನ ಮುಂದಿಟ್ಟವಳೇ ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು.

ಆ ಚಹಾವನ್ನು ನಾನು ಹಾಗೇ ಬಿಟ್ಟು ಬಂದೆ. ನಾಚಿಕೆಯಾಯಿತು. ಏಕೆಂದರೆ ನಿಮಗೆ ಇನ್ನೂ ಹೇಳದ ಒಂದು ಸಂಗತಿಯಿದೆ. ಅಪ್ಪನಿಗೂ ಅಮ್ಮನಿಗೂ ಹೇಳಿರಲಿಲ್ಲ.

ನನಗಾಗ ಹತ್ತು ವರ್ಷ. ಒಂದು ಭಾನುವಾರ ಬೆಳಗ್ಗೆ, ಮಕ್ಕಳ ಕಾರ್ಟೂನು ಬರುವ ಹೊತ್ತು. ಸಾಲಿನ ಮಕ್ಕಳೆಲ್ಲ ನಮ್ಮ ಮನೆಯಲ್ಲಿ. ಅಪ್ಪ ಮಿಲ್ಲಿನಲ್ಲಿ, ಅಮ್ಮ ಹಿತ್ತಲಿನಲ್ಲಿ. ಚಾಚಾ ಮಾಡಿನ ಮೇಲಿಂದ "ಬಂತೇನ್ರೀ?" ಎಂದರು. ಚಿತ್ರ ಕನ್ನಡಿಯ ಹಾಗೆ ಬಂದಿತ್ತು. ನನಗೇನನ್ನಿಸಿತೋ, "ಇಲ್ರಿ, ಇನ್ನೂ ಬಂದಿಲ್ಲ!" ಎಂದು ಕೂಗಿದೆ. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು. ಅದುವರೆಗೆ ನನ್ನ ಮಾತಿಗೆ ಯಾರೂ ನಕ್ಕಿರಲಿಲ್ಲ. ಮತ್ತೆ ಕೇಳಿದರು, ಮತ್ತೆ ಇಲ್ಲವೆಂದೆ, ಇನ್ನೂ ಜೋರು ನಗು. ಮೂರನೆಯ ಸಲ, "ಇನ್ನೂ ಸ್ವಲ್ಪ ಆ ಕಡೆ!" ಎಂದೆ. ಹಂಚು ಮುರಿದ ಸದ್ದು ಕೇಳಿತು. ಚಾಚಾ ಹಿಂದಿನ ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದರು. ಮಕ್ಕಳೆಲ್ಲ ಹೊರಗೆ ಓಡಿದರು, ಅಮ್ಮ ಚೀರಿದಳು, ಪಕ್ಕದ ಮನೆಯವರು ಎತ್ತಿಕೊಂಡು ದವಾಖಾನೆಗೆ ಒಯ್ದರು. ನಾನು ಟಿವಿಯ ಮುಂದಿನಿಂದ ಏಳಲಿಲ್ಲ. ಅಂದಿನ ಕಾರ್ಟೂನನ್ನು ಕೊನೆಯವರೆಗೆ ನೋಡಿದೆ. ಏನು ನೋಡಿದೆನೆಂದು ಕೇಳಬೇಡಿ.

ಚಾಚಾರ ಕಾಲು ಪೂರ್ತಿ ಕೂಡಲಿಲ್ಲ. ನಾನು ಮಾತ್ರ ಅದೇ ಬೀಳುವಿಕೆಯನ್ನು ಎಪಿಸೋಡಿಗೊಮ್ಮೆ ಬರೆದು ಸೈ ಎನ್ನಿಸಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಕುಂಬಳಕಾಯಿಯನ್ನೇ ಹೊತ್ತುಕೊಂಡು ಮೆರವಣಿಗೆ ಹೊರಟಿದ್ದೆ. ದಾಂಡೇಲಿಗೆ ಹೋದಾಗಲೆಲ್ಲ ಚಾಚಾರ ಓಣಿ ತಪ್ಪಿಸಿ ಸುತ್ತು ಹಾಕುತ್ತಿದ್ದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಜೊಯಿಡಾದಿಂದ ಬಂದ ವಾರದಲ್ಲೇ ಆ ಓಣಿಗೆ ಹೋದೆ. ಚಾಚಾ ಈಗ ಮನೆಯ ಮುಂದಿನ ಕೋಣೆಯಲ್ಲೇ ರಿಮೋಟು, ಮಿಕ್ಸರು ರಿಪೇರಿ ಮಾಡುತ್ತಾರೆ. ಗಡ್ಡ ಪೂರಾ ಬೆಳ್ಳಗಾಗಿದೆ. ಮುಂಡಗೋಡದಿಂದ ರಜೆಗೆ ಬಂದಿದ್ದ ಮೊಮ್ಮಗಳು ಸಾನಿಯಾ ಪಕ್ಕದಲ್ಲಿ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಿದ್ದಳು. "ಅರೆ, ಮಿಲ್ಲಿನ ಮಾಸ್ತರರ ಮಗಳು! ಬಾ ಬೇಟಿ, ಕುಂಡ್ರು" ಎಂದರು. ಅಪ್ಪ ಮಾಸ್ತರರಲ್ಲ, ಗುಮಾಸ್ತರು. ತಿದ್ದಲು ಧೈರ್ಯವಾಗಲಿಲ್ಲ.

ಸಾವಿರಾರು ಸಂಭಾಷಣೆ ಬರೆದವಳಿಗೆ ಮೊದಲ ವಾಕ್ಯವೇ ಹೊರಡಲಿಲ್ಲ. ಇಷ್ಟು ವರ್ಷ ಕತ್ತರಿಸಿದ ದೃಶ್ಯ ನೋಡಿ, ಹೇಗೆ ಶುರು ಮಾಡುತ್ತಾರೆಂಬುದೇ ಗೊತ್ತಿಲ್ಲ. ಕೊನೆಗೆ, "ಚಾಚಾ, ಅವತ್ತ ನೀವು ಬಿದ್ರಲ್ರಿ..." ಎಂದೆ.

"ಚಿತ್ರ ಬಂದಿತ್ತು" ಎಂದರು ಚಾಚಾ.

ನಾನು ದಂಗಾಗಿ ನೋಡಿದೆ.

"ನನಗೂ ಗೊತ್ತಿರಲಿಲ್ಲ ಬೇಟಿ. ಇಷ್ಟ ವರ್ಷ ನನ್ನ ಕಾಲ ಜಾರಿತು, ನನ್ನದ ತಪ್ಪು ಅನ್ಕೊಂಡಿದ್ನಿ. ಆಮ್ಯಾಲ, ನೀ ಬರೀತಿ ಅಂತ ಊರಾಗ ಕೇಳಿ, ಈಕಿ ಜೋಡಿ ಕೂತು ನಿನ್ನ ಕರಡಿ ನೋಡಿದ್ನಿ. ಬಂತೇನ್ರೀ ಅಂದ ಕೂಡ್ಲೆ, ಅರೆ, ಇದು ನಾನ, ಅಂತ ನಕ್ಕಿದ್ನಿ. ಕೋತಿ ಸುಳ್ಳ ಹೇಳ್ತು. ನಗು ನಿಂತ ಹೋತು. ನೀ ಹೇಳೂದೇನೂ ಉಳದಿಲ್ಲ. ನಿನ್ನ ಕೋತಿ ಹೇಳಿ ಆಗೇತಿ."

ನನಗೆ ಅಳು ಬಂತು. ಸಾನಿಯಾ ಸ್ಕ್ರೂ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ತಪ್ಪಾತ್ರಿ ಚಾಚಾ" ಎಂದೆ. ಅಷ್ಟಕ್ಕೆ ನಲವತ್ತು ಸೆಕೆಂಡು ಬೇಡವೇ ಬೇಡ.

ಚಾಚಾ ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟರು. "ಸಣ್ಣಾಕಿ ಇದ್ದಿ. ಅದು ಇರ್ಲಿ" ಎಂದರು. "ಆದ್ರ ಒಂದ ಮಾತು. ನಿನ್ನ ಕರಡಿ ಬಿದ್ದ ಕೂಡ್ಲೆ ಎದ್ದು ಓಡತೈತಿ. ನಾ ಮೂರ ತಿಂಗಳ ಹಾಸಿಗಿ ಹಿಡದಿದ್ನಿ. ದಿನಾ ಬಾಗಲಾ ನೋಡ್ತಿದ್ನಿ, ನನ್ನ ನೋಡಾಕರ ಬಂದಾಳು ಅಂತ. ನೀ ಬರ್ಲೇ ಇಲ್ಲ. ಕರಡಿ ಬೀಳ್ಲಿ ಬಿಡು, ಹುಡುಗ್ರು ನಗ್ತಾವು. ಬಿದ್ದ ಮ್ಯಾಲೆ ಒಂದ ಸಲ ಮನಿಯಾಗಿಂದ ಯಾರರ ಹೊರಗ ಬರ್ಲಿ. ಆಗ್ತೈತೇನು ನೋಡು."

ಇಪ್ಪತ್ತು ವರ್ಷದಲ್ಲಿ ನನ್ನ ಬರಹಕ್ಕೆ ಯಾರೂ ಇಂಥ ತಿದ್ದುಪಡಿ ಹೇಳಿರಲಿಲ್ಲ. ಮನೆಗೆ ಬಂದವಳೇ ಬರೆದೆ. ಕರಡಿ ಬೀಳುತ್ತದೆ, ಏಳುವುದಿಲ್ಲ. ಸಣ್ಣ ಕೋತಿಯೊಂದು ನಗು ನಿಲ್ಲಿಸಿ ಹೊರಗೆ ಬರುತ್ತದೆ, ನೀರು ಕೊಡುತ್ತದೆ, ಬಂದಿತ್ತು ಅಣ್ಣಾ, ನಾನೇ ಸುಳ್ಳು ಹೇಳಿದೆ ಎನ್ನುತ್ತದೆ. ಎರಡು ದಿನಕ್ಕೆ, ಈಗ ನನ್ನ ಕಥೆಗಳನ್ನು ತಿದ್ದುವ ಸ್ಟೋರಿ ಎಡಿಟರ್ ನಿಖಿತಾಳ ಟಿಪ್ಪಣಿ ಬಂತು. ನಾನೇ ಪಳಗಿಸಿದ ಹುಡುಗಿ. "ಮೇಡಂ, ಎಪಿಸೋಡು ನಲವತ್ತು ಸೆಕೆಂಡು ಉದ್ದ ಇದೆ. ಕೊನೆಯದು ತೆಗೆದರೆ ಸರಿಹೋಗುತ್ತೆ. ಕ್ಷಮೆ ಕೇಳೋದು ಆಕಳಿಕೆ ಅಂತ ನೀವೇ ಹೇಳಿದ್ರಲ್ಲ?" ಫೋನು ಮಾಡಿ ವಾದಿಸಿದೆ, ಗೋಗರೆದೆ. ನನ್ನ ಪಾಠವನ್ನೇ ಅವಳು ನನಗೆ ಒಪ್ಪಿಸಿದಳು. "ನೋಡ್ತೀನಿ ಮೇಡಂ" ಎಂದಳು ಕೊನೆಗೆ. ನೋಡುತ್ತೇನೆ ಎಂದರೆ ನಮ್ಮ ಕಸುಬಿನಲ್ಲಿ ಏನೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೆಲವು ತಿಂಗಳ ಮೇಲೆ, ಪ್ರಸಾರದ ದಿನ ಸಂಜೆ ದಾಂಡೇಲಿಯಲ್ಲಿ ಚಾಚಾರ ಮನೆಯಲ್ಲೇ ಕೂತೆ. ಮತ್ತೆ ರಜೆಗೆ ಬಂದಿದ್ದ ಸಾನಿಯಾ ಮಧ್ಯದಲ್ಲಿ, ನಾವಿಬ್ಬರು ಅಕ್ಕಪಕ್ಕ. ದೃಶ್ಯ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕರಡಿ ನೀರಿನ ಟಾಕಿ ಹತ್ತುವ ಹೊತ್ತಿಗೆ ಹೊರಗೆ ಗಾಳಿ ಎದ್ದಿತು, ಚಿತ್ರ ಚೂರು ಚೂರಾಗಿ ನಿಂತುಬಿಟ್ಟಿತು. "ಅಂಗಳದಾಗಿನ ಛತ್ರಿ ಅಲಗ್ಯಾಡೇತಿ" ಎಂದು ಚಾಚಾ ಡಿಶ್ಶನ್ನು ಬೈಯುತ್ತ ಎದ್ದರು. ನಾನು ತಡೆಯುವುದರೊಳಗೆ ಕಾಲೆಳೆಯುತ್ತ ಹೊರಗೆ ಹೋಗಿ, ಗೋಡೆಯ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತ ಸದ್ದು.

"ಬಂತೇನ್ರೀ?"

ನಲವತ್ತು ವರ್ಷದ ಹಿಂದಿನ ಅದೇ ದನಿ. ಟಿವಿಯಲ್ಲಿ ಚಿತ್ರ ಕನ್ನಡಿಯ ಹಾಗೆ ಬಂದಿತ್ತು. ಕರಡಿ ಟಾಕಿಯ ಅಂಚಿಗೆ ಬಂದಿತ್ತು, ಇನ್ನೇನು ಬೀಳಬೇಕು. ಇದಾದ ಮೇಲೇ ನನ್ನ ನಲವತ್ತು ಸೆಕೆಂಡು. ನಾನು ಎದ್ದು ಹೊರಗೆ ಓಡಿದೆ.

"ಬಂತ್ರಿ ಚಾಚಾ, ಬಂತು. ಸಾಕು, ಇಳೀರಿ" ಎಂದು ಅವರ ಮೊಳಕೈ ಹಿಡಿದೆ. ಅವರು ನನ್ನ ಭುಜಕ್ಕೆ ಭಾರ ಕೊಟ್ಟು ಒಂದು ಕಾಲು ಇಳಿಸಿದರು, ಆಮೇಲೆ ಇನ್ನೊಂದು. ಒಳಗಿನಿಂದ ಸಾನಿಯಾ ಕೂಗಿದಳು: "ದಾದಾ, ಮುಗದ ಹೋತು! ಯಾರೂ ಹೊರಗ ಬರ್ಲಿಲ್ಲ!"

ಚಾಚಾ ತಮ್ಮ ಮೊಳಕೈ ಹಿಡಿದಿದ್ದ ನನ್ನ ಕೈಯನ್ನು ನೋಡಿದರು.

"ಬಂದಾಳ ಬಿಡು" ಎಂದರು. "ಸ್ವಲ್ಪ ಲೇಟಾತು, ಅಷ್ಟ."