ಹಿತ್ತಲ ಗೋಡೆಯ ಕೆಂಪು ಸ್ವಿಚ್ಚು

ಬಸಲಿಂಗವ್ವನ ಕೈಯ ಬಾಣಂತನ ಕೆಟ್ಟಿತೆಂದು ಹೇಳಿದವರು ಇಳಕಲ್ಲಿನಲ್ಲಿ ಯಾರೂ ಇಲ್ಲ. ಹಿರಿಯ ಮಗಳದು, ನಾದಿನಿಯರದು, ಓಣಿಯಲ್ಲಿ ತಾಯಿ ಇಲ್ಲದ ಹೆಣ್ಣುಮಕ್ಕಳದು, ಎಲ್ಲವನ್ನೂ ಅವಳೇ ಮುಂದೆ ನಿಂತು ಮಾಡಿದ್ದಳು. ಅಂಟಿನ ಉಂಡಿ ಕಟ್ಟುವುದರಿಂದ ಹಿಡಿದು ಕೂಸಿಗೆ ಎಣ್ಣೆ ತಿಕ್ಕಿ ಎರೆಯುವವರೆಗೆ ಅವಳದು ಒಂದೇ ಕಾನೂನು: ಗಾಳಿ ಸೋಕಬಾರದು. ಆ ಕಾನೂನಿನ ಹಿಂದೆ ಅವಳ ತಂಗಿ ನೀಲವ್ವ ಇದ್ದಳು. ಚೊಚ್ಚಲ ಹೆರಿಗೆಯಾಗಿ ವಾರ ತುಂಬಿರಲಿಲ್ಲ. ಧಗೆ ತಡೆಯಲಾರದೆ ನೀಲವ್ವ ಮಳೆಗಾಳಿಗೆ ಕಿಟಕಿ ತೆರೆದು ಕೂತಳು. ಮರುದಿನ ಜ್ವರ ಏರಿತು, ಬಾಯಿಗೆ ಬಂದದ್ದು ಬಡಬಡಿಸಿದಳು, ಹೋಗಿಯೇಬಿಟ್ಟಳು. ಡಾಕ್ಟರು ಹೆರಿಗೆಯ ನಂಜು ಎಂದರು, ಓಣಿಯವರು ಬಾಣಂತಿ ಸನ್ನಿ ಎಂದರು. ಬಸಲಿಂಗವ್ವನಿಗೆ ನೆನಪಿನಲ್ಲಿ ಉಳಿದದ್ದು ಆ ತೆರೆದ ಕಿಟಕಿ ಮಾತ್ರ.

ಕಿರಿಯ ಮಗಳು ಶರಣ್ಯಾ ನೈಮೆಗನ್ ಎಂಬ ಪರದೇಶದ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ಹೋಗಿ, ಅಲ್ಲೇ ಚಿಪ್ ಕಂಪನಿಯಲ್ಲಿದ್ದ ಬೆಂಗಳೂರಿನ ಹುಡುಗ ಋತ್ವಿಕನನ್ನು ಮದುವೆಯಾಗಿ, ಈಗ ಹೆಣ್ಣು ಹಡೆದಿದ್ದಳು. ಬಸಲಿಂಗವ್ವ ಅಂಟು, ಬಜೆ, ಹೊದೆಯುವ ಕೌದಿ, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಎಲ್ಲವನ್ನೂ ಹೊತ್ತುಕೊಂಡು ವಿಮಾನ ಹತ್ತಿದಳು. ಬಂದ ದಿನವೇ ಲೋಬಾನದ ಹೊಗೆ ಹಾಕಲು ಹೋಗಿ, ಚಾವಣಿಯ ಅಲಾರಾಂ ಕಿರುಚಿಕೊಂಡು, ಅಕ್ಕಪಕ್ಕದವರೆಲ್ಲ ಬೀದಿಗೆ ಬಂದರು. ಅಲ್ಲಿಗೆ ಹೊಗೆ ನಿಂತಿತು. ಉಳಿದ ಕಾನೂನು ನಿಲ್ಲಲಿಲ್ಲ. ಆ ದೇಶದಲ್ಲಿ ಹೆರಿಗೆಯಾದ ಮನೆಗೆ ಕೆಲವು ದಿನ ನರ್ಸು ಬಂದು ನೋಡಿಕೊಳ್ಳುತ್ತಾಳೆ. ಮರೈಕೆ ಎಂಬ ಆ ನರ್ಸು ಬೆಳಗ್ಗೆ ಬಂದು ನಗುತ್ತಲೇ ಕುಂಚಿಗೆ ಬಿಚ್ಚುವಳು. ಅವಳ ಸೈಕಲ್ಲು ಬೀದಿಯ ತಿರುವು ದಾಟುವುದೇ ತಡ, ಬಸಲಿಂಗವ್ವ ಮತ್ತೆ ಕಟ್ಟುವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಹೆಂಗಸು ಅವಳು.

ಆ ವಾರ ಬಿಸಿಲು ಏರತೊಡಗಿತು. ಬಾಣಂತಿಯ ಕೋಣೆ ಹೆಂಚಿನ ಮಾಡಿಗೆ ತಾಗಿಕೊಂಡ ಮಹಡಿಯಲ್ಲಿತ್ತು. ಮುಂದಿನ ದಿನಗಳು ಇನ್ನೂ ಕೆಟ್ಟವು ಎಂದು ಸುದ್ದಿ ಬಂದದ್ದೇ ಋತ್ವಿಕ್ ಯಾರನ್ನೋ ಹಿಡಿದು ಏಸಿ ಹಾಕಿಸಿದ. ಕೆಲಸ ಮುಗಿಯುವ ಹೊತ್ತಿಗೆ ಅವನು ಆಫೀಸಿನ ಮೀಟಿಂಗಿಗೆ ಕೂತಿದ್ದ. ಹಿತ್ತಲಿನಲ್ಲಿ ನಿಂತು ನೋಡಿದವಳು ಬಸಲಿಂಗವ್ವ ಒಬ್ಬಳೇ. ಕೆಲಸದವನು ಹೊರಗಿನ ಯಂತ್ರದ ಹಿಂದೆ ಗೋಡೆಗೆ ಕೂರಿಸಿದ್ದ ಕೆಂಪು ಸ್ವಿಚ್ಚನ್ನು ಕಟಕ್ಕನೆ ತಿರುಗಿಸಿದ. ಯಂತ್ರ ಗುರ್ರೆಂದಿತು. ಅವನು ಹೆಬ್ಬೆರಳು ಎತ್ತಿ ತೋರಿಸಿ ಹೊರಟುಹೋದ.

ಸಂಜೆ ಏಸಿ ಓಡಿತು. ಕೂಸು ಸೀನಿತು. ಇನ್ನೊಮ್ಮೆ ಸೀನಿತು. ಹಸಿ ಬಾಣಂತಿ ಆ ತಣ್ಣನೆಯ ಗಾಳಿಗೆ ಮೈಯೊಡ್ಡಿ ಮಲಗಿದ್ದನ್ನು ಕಂಡಾಗ ಬಸಲಿಂಗವ್ವನ ಕಣ್ಣಿಗೆ ಬಂದವಳು ಮಗಳಲ್ಲ, ನೀಲವ್ವ. ಹೇಳಿದರೆ ಯಾರೂ ಕೇಳರು. ಕೂಸಿನ ಅರಿವೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದವಳು ಕೆಂಪು ಸ್ವಿಚ್ಚು ತಿರುಗಿಸಿದಳು. ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಎಳೆದು ಅದರ ಮುಂದೆ ನಿಲ್ಲಿಸಿದಳು. ಕೋಣೆ ಆಗಲೇ ತಂಪಾಗಿತ್ತು, ಯಂತ್ರ ನಿಂತದ್ದು ಆ ರಾತ್ರಿ ಯಾರ ಗಮನಕ್ಕೂ ಬರಲಿಲ್ಲ. ಕಾಯಲೆಂದೇ ಮಾಡಿದಳು, ಕೇಡಿಗೆಂದಲ್ಲ.

ಮರುದಿನ ಹೊತ್ತು ಏರುವ ಮೊದಲೇ ಮಾಡು ಕಾದ ಹಂಚಾಯಿತು. ಮರೈಕೆ ಬಂದವಳು ಕೂಸಿನ ಬೆನ್ನು ಮುಟ್ಟಿ ನೋಡಿದಳು. ಆ ದಿನ ಅವಳು ನಗಲಿಲ್ಲ. ಋತ್ವಿಕ್ ಅವಳ ಮಾತನ್ನು ಕನ್ನಡಕ್ಕೆ ತಂದ.

“ಅತ್ತೆ, ಇವತ್ತು ರೂಮ್ ಕೂಲ್ ಆಗಿ ಇಡ್ಲೇಬೇಕಂತೆ. ಇಷ್ಟು ಸಣ್ಣ ಮಗು ಹೀಟ್ ತಡ್ಕೊಳ್ಳಲ್ಲ ಅಂತಿದ್ದಾರೆ. ಟೋಪಿ ಬೇಡ್ವೇ ಬೇಡವಂತೆ.”

“ಹೂಂನ್ರಿ,” ಎಂದಳು ಬಸಲಿಂಗವ್ವ.

ಮರೈಕೆ ಹೋದ ಮೇಲೆ ಋತ್ವಿಕ್ ರಿಮೋಟ್ ಒತ್ತಿದ. ಏನೂ ಆಗಲಿಲ್ಲ. ಬ್ಯಾಟರಿ ಬದಲಿಸಿದ. ಬಸಲಿಂಗವ್ವ ಹೊಸ ರಿಮೋಟಿಗೆ ನಿನ್ನೆಯೇ ಪ್ಲಾಸ್ಟಿಕ್ ಚೀಲ ತೊಡಿಸಿದ್ದಳು, ಅದನ್ನೂ ಹರಿದು ತೆಗೆದ. ಕುರ್ಚಿ ಹತ್ತಿ, ಮುಚ್ಚಳ ಎತ್ತಿ, ಒಳಗಿನ ಸಣ್ಣ ಬಟನ್ ಒತ್ತಿದ. ಒಂದು ದೀಪವೂ ಮಿನುಗಲಿಲ್ಲ.

“ಪವರೇ ಬರ್ತಿಲ್ಲ,” ಎಂದು ಕೆಳಗಿಳಿದು ಬಾಗಿಲ ಬಳಿಯ ಮೀಟರ್ ಕಪಾಟು ತೆಗೆದ. ಎಲ್ಲ ಸ್ವಿಚ್ಚುಗಳೂ ಮೇಲಕ್ಕೇ ಇದ್ದವು. ಏಸಿಯದನ್ನು ಇಳಿಸಿ ಏರಿಸಿದ. ಇಲ್ಲ. ಹಾಕಿಕೊಟ್ಟವರಿಗೆ ಫೋನ್ ಮಾಡಿದ. ಊರಿಗೆಲ್ಲ ಏಸಿ ಬೇಕಾಗಿದೆ, ಮುಂದಿನ ವಾರದ ತನಕ ಯಾರೂ ಇಲ್ಲ ಎಂಬ ಉತ್ತರ ಬಂತು.

ಆಮೇಲೆ ಅವನು ಹಿತ್ತಲಿಗೆ ಹೋದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಸಲಿಂಗವ್ವ ಅಡುಗೆಮನೆಯ ಬಾಗಿಲಿಗೆ ಓಡಿದಳು. ಋತ್ವಿಕ್ ಯಂತ್ರದ ಮೇಲೆ ಕೈಯಿಟ್ಟು ನೋಡಿ, ಬಟ್ಟೆಯ ಸ್ಟ್ಯಾಂಡಿನ ಕಾಲಿಗೆ ಕೈ ಹಾಕಿದ್ದ.

“ಕೂಸಿನ ಅರಿವಿ ಇನ್ನಾ ಹಸಿ ಅದಾವ್ರಿ. ಸರಿಸಬ್ಯಾಡ್ರಿ, ಮಣ್ಣಾಗ ಬೀಳ್ತಾವು.”

ಅತ್ತೆಯ ಮಾತಿಗೆ ಎದುರಾಡದ ಅಳಿಯ. ಕೈ ಬಿಟ್ಟು ಒಳಗೆ ಬಂದ.

“ಶರಣ್ಯಾನೂ ಮಗೂನೂ ಕೆಳಗೆ ಬಂದು ಮಲಗ್ಲಿ ಅತ್ತೆ, ಇಲ್ಲಿ ಸ್ವಲ್ಪ ಪರವಾಗಿಲ್ಲ.”

“ಬಾಣಂತಿ ಪಾವಟಿಗಿ ಇಳೀಬಾರದ್ರಿ. ಕೆಳಗ ಎದುರಾ ಬದರಾ ಬಾಗಿಲಾ, ಗಾಳಿ ಬಡೀತೈತಿ.”

ಅವನು ಮತ್ತೆ ರಿಮೋಟ್ ಹಿಡಿದು ಮಹಡಿ ಹತ್ತಿದ. ಹೀಗೆ ಒಂದೊಂದೇ ದಾರಿಯನ್ನು ಅವಳ ಕೈಯೇ ಮುಚ್ಚುತ್ತ ಹೋಯಿತು. ಶರಣ್ಯಾ ನೀರು ಕೇಳಿದಾಗೆಲ್ಲ ಕಾಯಿಸಿದ ನೀರು ಅರ್ಧ ಲೋಟ. ಬಾಣಂತಿಗೆ ಅಷ್ಟೇ. ಕೂಸಿಗೆ ಕುಂಚಿಗೆ, ಮೇಲೊಂದು ಸಣ್ಣ ಕೌದಿ.

ಮಧ್ಯಾಹ್ನದ ಹೊತ್ತಿಗೆ ಮನೆ ನಿಶ್ಶಬ್ದವಾಯಿತು. ಬೆಳಗಿನಿಂದ ಕಿರಿಕಿರಿ ಮಾಡುತ್ತಿದ್ದ ಕೂಸು ಅಳು ನಿಲ್ಲಿಸಿತು.

“ನೋಡು, ಎಷ್ಟ್ ಶಾಣ್ಯಾ ಆಗೈತಿ,” ಎಂದಳು ಬಸಲಿಂಗವ್ವ. “ಬೆಚ್ಚಗಿದ್ರ ಕೂಸು ಹಿಂಗ ಮಲಗ್ತಾವು.”

ಶರಣ್ಯಾ ಕೂಸನ್ನು ಎದೆಗೆ ಹಚ್ಚಿ ಕೂತಿದ್ದಳು. ಅದರ ಬಾಯಿ ಮೊಲೆಯಿಂದ ಜಾರುತ್ತಿತ್ತು. “ಅವ್ವಾ, ಇದು ಕುಡ್ಯಾಕತ್ತಿಲ್ಲ. ಕೆನ್ನಿ ತಟ್ಟಿದ್ರೂ ಕಣ್ ತಗೀವಲ್ದು. ಬೆಳಗಿನ ಡೈಪರ್ ಇನ್ನಾ ಒಣಾ ಐತಿ.”

ಬಸಲಿಂಗವ್ವ ಕುಂಚಿಗೆಯೊಳಗೆ ಬೆರಳು ತೂರಿಸಿ ನೆತ್ತಿ ಮುಟ್ಟಿದಳು. ಬೆರಳು ಕೆಳಗಿಳಿಯಿತು. ನೆತ್ತಿ ಕುಳಿ ಬಿದ್ದಿತ್ತು.

ಅದರ ಅರ್ಥ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಣಿಯ ಎಷ್ಟೋ ಹೆಣ್ಣುಮಕ್ಕಳಿಗೆ ಅವಳೇ ಹೇಳಿಕೊಟ್ಟಿದ್ದಳು: ನೆತ್ತಿ ಕುಳಿ ಬಿದ್ದರೆ ಕೂಸಿನ ಮೈಯ ನೀರು ಆರಿತು, ಕೂತಲ್ಲಿ ಕೂರಬೇಡಿ. ಭಯವೆಂದರೆ ಏನೆಂದು ಅವಳಿಗೆ ಆಗ ತಿಳಿಯಿತು. ಇಷ್ಟು ವರ್ಷ ಹೆದರಿದ್ದೆಲ್ಲ ಅದರ ಮುಂದೆ ಏನೂ ಅಲ್ಲ.

ಮೊಣಕಾಲು ನೋವಿನ ಹೆಂಗಸು ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಸ್ಟ್ಯಾಂಡು ಉರುಳಿತು, ಒಗೆದ ಅರಿವೆಗಳು ಮಣ್ಣುಪಾಲಾದವು. ಕೆಂಪು ಸ್ವಿಚ್ಚು ಕಟಕ್ಕೆಂದಿತು. ಮೇಲೆ ಕುರ್ಚಿಯ ಮೇಲೆ ನಿಂತು ಇನ್ನೂ ಬಟನ್ ಒತ್ತುತ್ತಿದ್ದ ಋತ್ವಿಕ್ ಕೂಗಿಕೊಂಡ. “ಬಂತು! ಲೈಟ್ ಬಂತು! ಒತ್ತಿ ಹಿಡ್ಕೊಂಡಿದ್ದಕ್ಕೆ ಬಂತು ನೋಡು!”

ಏದುಸಿರು ಬಿಡುತ್ತ ಕೋಣೆಗೆ ಬಂದ ಬಸಲಿಂಗವ್ವ ಕುಂಚಿಗೆಯ ಕಸೆಯನ್ನು ಬಿಚ್ಚಲಿಲ್ಲ, ಕಿತ್ತಳು. “ದವಾಖಾನಿಗೆ ನಡೀರಿ. ಈಗಿಂದೀಗ.”

ಹೋದರು. ಕಾರಿನಲ್ಲಿ ಜಾಗವಿತ್ತು. ಬನ್ನಿ ಎಂದು ಹೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಬರಲೇ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮೇಲೆ ಹೋಗಿ ಬರಿದಾದ ಹಾಸಿಗೆಯ ಅಂಚಿಗೆ ಕೂತಳು. ಏಸಿ ತಣ್ಣಗೆ ಓಡುತ್ತಿತ್ತು, ತಂಪು ಬೇಕಾದವರು ಅಲ್ಲಿರಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಫೋನ್ ಬಂತು.

“ಡ್ರಿಪ್ ಹಚ್ಯಾರ ಅವ್ವಾ,” ಎಂದಳು ಶರಣ್ಯಾ. ಅತ್ತು ಅತ್ತು ದನಿ ಒಡೆದಿತ್ತು. “ಇನ್ನೂ ಏನೂ ಹೇಳಾಕ ಆಗಂಗಿಲ್ಲ ಅಂದ್ರು. ಹೊತ್ತ ಮಾಡಿದ್ರ ಉಳೀತಿರಲಿಲ್ಲ ಅಂತ. ಕ್ವಾಣಿ ಅಷ್ಟ್ಯಾಕ ಕಾದಿತ್ತು ಅಂತ ಕೇಳಿದ್ರು. ಏಸಿ ಹಾಕಿದವರ ಮ್ಯಾಲೆ ಕಂಪ್ಲೇಂಟ್ ಕೊಡ್ತೀನಿ ಅಂತ ಋತ್ವಿಕ್ ಕುಂತಾನ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ನೋಡಿರಲಿಲ್ಲ.

“ಅವರ ತಪ್ಪಲ್ಲ ಯವ್ವಾ. ಹಿತ್ತಲದಾಗ ಒಂದು ಕೆಂಪು ಸ್ವಿಚ್ ಐತಿ. ನಾನ ಬಂದ್ ಮಾಡಿದ್ನಿ.”

ಫೋನಿನ ಆಚೆ ಎಲ್ಲೋ ದೂರದಲ್ಲಿ ಕೂಸು ಅತ್ತಿತು. ಬೆಕ್ಕಿನ ಮರಿಯ ಕೂಗಿನಷ್ಟು ಸಣ್ಣ ದನಿ, ಆದರೆ ಅಳುತ್ತಿತ್ತು. ಬಸಲಿಂಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು.

“ನಾವ್ ಬರೂತನಕಾ,” ಎಂದಳು ಶರಣ್ಯಾ, “ನೀ ಯಾವ್ದನ್ನೂ ಮುಟ್ಟಬ್ಯಾಡ ಅವ್ವಾ. ಬಂದ ಮ್ಯಾಲೆ ಕೂಸನ್ನೂ.”

ಫೋನ್ ಕಟ್ಟಾಯಿತು. ತಣ್ಣನೆಯ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು. ಸೆರಗನ್ನು ತಲೆಗೆಳೆದುಕೊಳ್ಳಲು ಎತ್ತಿದ ಕೈಯನ್ನು ಬಸಲಿಂಗವ್ವ ಹಾಗೆಯೇ ತೊಡೆಯ ಮೇಲಿಳಿಸಿ, ಅವರು ಬರುವವರೆಗೂ ಅಲ್ಲೇ ಕೂತಳು.