ಗುಡುಗಮ್ಮನ ವಾರ್ಡಿನಲ್ಲಿ ಸದ್ದಿರಲಿಲ್ಲ

ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಗುಡುಗಮ್ಮ ಅನ್ನುತ್ತಿದ್ದರು, ಎದುರಿಗೆ ಸಿಸ್ಟರ್. ಹೆಸರು ಸುಮ್ಮನೆ ಬಂದದ್ದಲ್ಲ. ನರ್ಸುಗಳ ಸಂಬಳಕ್ಕಾಗಿ ಆಸ್ಪತ್ರೆಯ ಗೇಟಿನ ಮುಂದೆ ಮುಷ್ಕರ ನಡೆದಾಗ ಮೈಕಿಲ್ಲದೆ ಕೂಗಿದವಳು ಆಕೆ. ಲಾಠಿ ಹಿಡಿದವನೇ ಹಿಂದೆ ಸರಿದಿದ್ದ. ಆದರೆ ಸರ್ಜರಿ ವಾರ್ಡಿನ ಇನ್‌ಚಾರ್ಜ್ ಕುರ್ಚಿ ಸಿಕ್ಕಮೇಲೆ ಅದೇ ಗಂಟಲು ಮಿಕ್ಕವರ ಬಾಯಿ ಮುಚ್ಚಿಸುವ ಕೆಲಸಕ್ಕೆ ಬಿತ್ತು. ಕುರ್ಚಿಯ ಗುಣವೇ ಅಷ್ಟು, ಕೂತವರ ಅಂಡಿಗಿಂತ ಮೊದಲು ತಲೆ ಬಿಸಿ ಮಾಡುತ್ತದೆ.

ಲಾರಿ ಓಡಿಸುವ ಗಂಡ ನಗುತ್ತಿದ್ದ: “ಲೇ, ಇದು ಮನೆ ಕಣೇ, ವಾರ್ಡಲ್ಲ. ಉಸಿರಾಡೋಕಾದ್ರೂ ಪರ್ಮಿಷನ್ ಕೊಡು.”

ಆಕೆಯೂ ನಗುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಸದ್ದಿಲ್ಲದ ವಾರ್ಡೆಂದರೆ ಎಲ್ಲವೂ ಸರಿಯಿರುವ ವಾರ್ಡು ಎಂದು ನಂಬಿದ್ದಳು, ಅಷ್ಟೇ.

ನರ್ಸಿಂಗ್ ಕಾಲೇಜಿನ ಹುಡುಗಿಯರು ಕೆಲಸ ಕಲಿಯಲು ಬಂದ ದಿನವೇ ಕಾನೂನು ಓದಿದ್ದಳು. “ಮಧ್ಯಾಹ್ನ ಡ್ಯೂಟಿ ಒಪ್ಪಿಸೋವಾಗ ಯಾರೂ ತುಟಿ ಬಿಚ್ಚಬಾರದು. ಫೋನ್ ಬಂದ್ರೂ ಎತ್ತಬಾರದು. ಏನಿದ್ರೂ ನಿಮ್ಮ ಲೀಡರ್‌ಗೆ ಹೇಳಿ, ಅವಳು ನಿಮ್ಮ ಕಾಲೇಜಿನ ಮೇಡಂಗೆ ಹೇಳ್ಲಿ, ಮೇಡಂ ನನಗೆ ಹೇಳ್ತಾರೆ. ನೆಟ್ಟಗೆ ನನ್ನ ಹತ್ರ ಬಂದ್ರೆ ಗ್ರಹಚಾರ ಬಿಡಿಸ್ತೀನಿ.”

ಒಂದು ಮಧ್ಯಾಹ್ನ ಮೂಲೆಯ ಹಾಸಿಗೆಯಲ್ಲಿ, ಹೊಟ್ಟೆಯ ಆಪರೇಷನ್ ಆದ ಟೈಲರ್ ಮಂಪರಿನಲ್ಲಿದ್ದ. ರಕ್ತ ತೆಗೆಯಲು ಹೋದ ಸಣಕಲು ಹುಡುಗಿಯೊಬ್ಬಳು ಅವನ ಬಲತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ರಕ್ತನಾಳ ಸಿಗಲಿಲ್ಲ. ಜೊತೆಗಿದ್ದ ಸ್ಟಾಫ್ ನರ್ಸ್, “ಬಿಡು, ನಾನು ನೋಡ್ಕೋತೀನಿ” ಎಂದಳು. ಅಷ್ಟರಲ್ಲಿ ಕಾಲೇಜು ಬಸ್ಸು ಹಾರ್ನ್ ಹೊಡೆಯಿತು, ಹುಡುಗಿ ಓಡಿದಳು. ಪಕ್ಕದ ಹಾಸಿಗೆಯವನು ವಾಂತಿ ಮಾಡಿಕೊಂಡ, ನರ್ಸ್ ಅತ್ತ ತಿರುಗಿದಳು. ನರ್ಸ್ ಬಿಚ್ಚುತ್ತಾಳೆ ಎಂದು ಹುಡುಗಿ, ಹುಡುಗಿ ಬಿಚ್ಚಿಯೇ ಹೋಗಿದ್ದಾಳೆ ಎಂದು ನರ್ಸ್. ಆಯಾ ಬಂದು, ಪಾಪ ಚಳಿಯಾದೀತೆಂದು ಕತ್ತಿನವರೆಗೆ ಕಂಬಳಿ ಹೊದಿಸಿದಳು. ಬಟ್ಟೆ ಕತ್ತರಿಸಿ ಸಂಸಾರ ಸಾಕುತ್ತಿದ್ದ ಕೈ ಒಳಗೆ ಬಿಗಿದುಕೊಂಡೇ ಉಳಿಯಿತು.

ಡ್ಯೂಟಿ ಒಪ್ಪಿಸುವುದು ಶುರುವಾಯಿತು. ಗುಡುಗಮ್ಮ ಮುಂದೆ, ಕೈಕಟ್ಟಿಕೊಂಡ ನರ್ಸುಗಳು ಹಿಂದೆ. ಮೇಜಿನ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಒಬ್ಬಳ ಕಣ್ಣು ಅತ್ತ ಹೊರಳಿತು.

“ಏನಮ್ಮಾ, ಅತ್ತೆ ಮನೆಯಿಂದ ಬಂತಾ? ಈ ಕಡೆ ನೋಡು.”

ಫೋನ್ ನಿಂತಿತು. ಮತ್ತೆ ಬಡಿದುಕೊಂಡಿತು. ಮತ್ತೆ ನಿಂತಿತು. ಮೂಲೆಯಲ್ಲಿ ಟೈಲರ್ ನರಳಿದ.

“ಹೊಲಿಗೆ ನೋವು,” ಎಂದಳು ಗುಡುಗಮ್ಮ, ಅತ್ತ ನೋಡದೆಯೇ. ಏನೋ ನೆನಪಾದವಳಂತೆ ಸ್ಟಾಫ್ ನರ್ಸ್ ಬಾಯಿ ತೆರೆದಳು. ಗುಡುಗಮ್ಮ ಬೆರಳೆತ್ತಿದಳು. ಬಾಯಿ ಮುಚ್ಚಿತು.

ಬಾಗಿಲಲ್ಲಿ ಆ ಸಣಕಲು ಹುಡುಗಿ ಕಾಣಿಸಿಕೊಂಡಳು. ಜೇಬಿನಲ್ಲಿ ಪಟ್ಟಿ ಇಲ್ಲದ್ದು ಗೊತ್ತಾಗಿ, ನರ್ಸ್ ಬಿಚ್ಚಿದಳೋ ಇಲ್ಲವೋ ಎಂಬ ದಿಗಿಲಿಗೆ ನಡುದಾರಿಯಲ್ಲೇ ಬಸ್ಸಿಳಿದು ಓಡಿ ಬಂದಿದ್ದಳು. ಏದುಸಿರು, ಮೈಯೆಲ್ಲ ಬೆವರು. ಗುಡುಗಮ್ಮ ಅವಳಿಗೂ ಬೆರಳೆತ್ತಿದಳು: ಅಲ್ಲೇ ನಿಲ್ಲು.

ಹುಡುಗಿ ನಿಂತಳು. ಉಚ್ಚೆಗೆ ಅವಸರವಾದ ಮಗುವಿನಂತೆ ಕಾಲು ಬದಲಿಸುತ್ತ ನಿಂತಳು. ಒಪ್ಪಿಸುವವರು ಇನ್ನೊಂದು ಹಾಸಿಗೆ ಮುಗಿಸಿದರು, ಮತ್ತೊಂದಕ್ಕೆ ಸರಿದರು. ಆಮೇಲೆ ಅವಳ ಗಂಟಲು ಒಡೆಯಿತು.

“ಮೂಲೆ ಬೆಡ್ಡು! ಪಟ್ಟಿ ಬಿಚ್ಚಿಲ್ಲ ಸಿಸ್ಟರ್! ಕೈ ನೋಡಿ, ಕೈ!”

ಗುಡುಗಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಅರ್ಥವಾದದ್ದು ಆಮೇಲೆ. ಓಡಿಹೋಗಿ ಕಂಬಳಿ ಕಿತ್ತೆಸೆದಳು. ಕೈ ನೇರಳೆ ಬಣ್ಣಕ್ಕೆ ತಿರುಗಿತ್ತು, ಊದಿಕೊಂಡು ಬೇರೆ ಯಾರದೋ ಕೈಯಂತಿತ್ತು. ಪಟ್ಟಿ ಮಾಂಸದೊಳಗೆ ಹೂತಿತ್ತು. ಕತ್ತರಿಯ ತುದಿ ತೂರಿಸಿ ಅದನ್ನು ತುಂಡರಿಸಿದಳು.

ಡಾಕ್ಟರ್ ಬಂದು ಒತ್ತಿ ನೋಡಿದ. “ಕೈ ಉಳಿಯುತ್ತೆ. ಬೆರಳುಗಳ ವಿಷಯ ಈಗ್ಲೇ ಹೇಳೋಕಾಗಲ್ಲ.”

ಹುಡುಗಿ ಗೋಡೆಗೆ ಒರಗಿದ್ದಳು. “ಲೀಡರ್‌ಗೆ ಹೇಳ್ದೆ ಸಿಸ್ಟರ್. ಅವಳು ಮೇಡಂಗೆ ಹೇಳಿದ್ಲು. ಮೇಡಂ ಫೋನ್ ಮಾಡ್ತಾನೇ ಇದ್ರು.”

ಕಾನೂನನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ಬಯ್ಯಲು ಗುಡುಗಮ್ಮನಿಗೆ ಯಾರೂ ಸಿಗಲಿಲ್ಲ.

ಮರುದಿನ ಟೈಲರ್‌ಗೆ ಪೂರ್ತಿ ಎಚ್ಚರವಾಯಿತು. ಡಾಕ್ಟರ್ ಅವನ ಬಲಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿದ. ಟೈಲರ್ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.

“ಚುಚ್ಚಿ ಡಾಕ್ಟ್ರೇ, ಪರವಾಗಿಲ್ಲ.”

ಅವನ ಹೆಂಡತಿ ಗುಡುಗಮ್ಮನ ತೋಳು ಹಿಡಿದಳು. “ಅಕ್ಕಾ, ಇವರಿಗೆ ಸೂಜಿನೇ ಗೊತ್ತಾಗ್ತಿಲ್ವಲ್ಲ?”

ಗುಡುಗಮ್ಮ ಅವನ ಕೈಯನ್ನು ಕಂಬಳಿಯ ಮೇಲೆ ಎತ್ತಿಟ್ಟಳು.

ಆ ಮಧ್ಯಾಹ್ನ, ಕಾಲೇಜು ಬಸ್ಸು ಬರುವ ಮೊದಲೇ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. “ಇವತ್ತಿಂದ ಯಾರು ಬೇಕಾದ್ರೂ ಮಾತಾಡಿ. ನನಗೇ ಹೇಳಿ. ಏನಾದ್ರೂ ಬಿಟ್ಟುಹೋಗಿದ್ಯಾ? ಹೇಳ್ರೇ.”

ಹುಡುಗಿಯರು ನೆಲ ನೋಡಿದರು. ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಕೂಗಿದವಳನ್ನು, ವಿಚಾರಣೆ ಮುಗಿಯುವವರೆಗೆ ಬರಬೇಡವೆಂದು ಕಾಲೇಜು ಮನೆಗೆ ಕಳಿಸಿತ್ತು. ಕೂಗಿದರೆ ಏನಾಗುತ್ತದೆಂಬುದನ್ನು ಉಳಿದವರು ಚೆನ್ನಾಗಿ ಕಲಿತಿದ್ದರು.

“ಬಾಯಿ ಬಿಡ್ರೇ,” ಎಂದಳು. ಅದು ಗುಡುಗಾಗಿ ಹೊರಡಲಿಲ್ಲ.

ಸಾಲಿನ ತುದಿಯ ಒಬ್ಬಳು ಕಿಟಕಿಯ ಪಕ್ಕದ ಹಾಸಿಗೆಯತ್ತ ಒಮ್ಮೆ ನೋಡಿ, ಸರ್ರನೆ ಕಣ್ಣು ಕೆಳಗಿಳಿಸಿದಳು.

ಗುಡುಗಮ್ಮ ಅದನ್ನು ಕಂಡಳು. ವಾರ್ಡು ತಾನು ಬಯಸಿದಷ್ಟೇ ನಿಶ್ಶಬ್ದವಾಗಿತ್ತು. ಆಕೆ ಕಿಟಕಿಯ ಬಳಿಗೆ ನಡೆದು, ಆ ಹಾಸಿಗೆಯ ಕಂಬಳಿಯ ಅಂಚು ಹಿಡಿದಳು.