ಸದ್ದು ಮಾಡದೆ ತೆರೆದ ಚಿತ್ರ

ಗುರ್‍ರ್... ಗುರ್‍ರ್... ಫೋಟೋ ಅಕ್ಕನ ಸ್ಟುಡಿಯೋದಲ್ಲಿ ದಿನವಿಡೀ ಕೇಳುವ ಸದ್ದು ಇದು. ದೊಡ್ಡ ಫೋಟೋ ತೆರೆದರೆ ಸಾಕು, ಕಂಪ್ಯೂಟರಿನೊಳಗಿನ ಫ್ಯಾನು ಹೊಟ್ಟೆ ಬಿರಿಯೆ ಉಂಡವರ ಹಾಗೆ ಏದುಸಿರು ಬಿಡುತ್ತದೆ. ಊರಿನ ಅರ್ಧ ಮದುವೆಗಳಿಗೆ ಅವಳದೇ ಕ್ಯಾಮೆರಾ. ಹಣೆಯ ಬೆವರಹನಿ, ರೆಪ್ಪೆಯ ತುದಿಯ ನೀರು ಯಾವುದೂ ಕಳೆದುಹೋಗಬಾರದೆಂದು ಎಲ್ಲವನ್ನೂ ಪೂರ್ತಿ ಗಾತ್ರದಲ್ಲೇ ತೆಗೆಯುತ್ತಾಳೆ. ಅವನ್ನು ಇಡಲು ಜಾಗವಿಲ್ಲದೆ ಪರದಾಡುವವನು ಕಂಪ್ಯೂಟರಿನ ಮುಂದೆ ಕೂರುವ ಗಂಡ. ಅವನು ‘ದಪ್ಪ’, ‘ಸಣ್ಣ’ ಎಂದು ಎರಡು ಫೋಲ್ಡರ್ ಮಾಡಿಕೊಂಡಿದ್ದ. ಅಸಲು ಚಿತ್ರಗಳು ದಪ್ಪ. ಫೋನಿಗೆ ಕಳಿಸುವ ನಕಲುಗಳು ಸಣ್ಣ.

ಆ ಬೆಳಿಗ್ಗೆ ಟೈಲರಮ್ಮ ಮಗಳ ತೋಳು ಹಿಡಿದು ಬಂದಳು. ಮಗಳ ಮದುವೆಯ ಬಟ್ಟೆಗೆ ಹೆಗಲ ತುಂಬ ಬಳ್ಳಿಯ ಕಸೂತಿ ಹಾಕಿದ್ದವಳು. ಈಗ ಅವಳ ಕಣ್ಣಿನ ಬೆಳಕು ಆರುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು.

“ಬಟ್ಟೆ ಮೂಗಿಗೆ ತಾಗಿಸಿ ಹಿಡಿದ್ರೂ ಬರೀ ಬಣ್ಣ ಕಾಣುತ್ತಮ್ಮ. ದೊಡ್ಡ ದೊಡ್ಡ ಬೋರ್ಡು ಮಾತ್ರ ಓದ್ತೀನಿ. ಮದುವೇಲಿ ನೀನು ತೆಗೆದ ಆ ಹೆಗಲಿನ ಫೋಟೋ ಗೋಡೆಯಷ್ಟು ಮಾಡಿಕೊಡು. ನನ್ನ ಕೈಕೆಲಸ ಒಂದ್ಸಲ ಕಣ್ತುಂಬ ನೋಡ್ಬೇಕು.”

“ಬಟ್ಟೆ ಇನ್ನೂ ಇಟ್ಟಿದ್ದೀನಿ ಅಕ್ಕ,” ಮಗಳು ನಕ್ಕಳು, “ಆದ್ರೆ ಈಗ ಒಂದು ಹೆಗಲಿಗೆ ಮಾತ್ರ ಏರುತ್ತೆ.”

“ಮದುವೆ ಆದ್ಮೇಲೆ ಉಂಡದ್ದೆಲ್ಲ ಮೈಗೆ ಹತ್ತಿದೆ,” ಎಂದಳು ತಾಯಿ.

ಫೋಟೋ ಅಕ್ಕ ನಗುತ್ತಲೇ ಒಳಕೋಣೆಗೆ ಬಂದು ‘ದಪ್ಪ’ದೊಳಗಿನ ಆ ಚಿತ್ರ ತೆರೆದಳು. ಫ್ಯಾನು ಉಸಿರೆತ್ತಲಿಲ್ಲ. ಕೆಟ್ಟಿತೇನೋ ಅಂದುಕೊಂಡು ಚಿತ್ರವನ್ನು ಹಿಗ್ಗಿಸಿದಳು. ಬಳ್ಳಿ ಒಡೆದು ಹಸಿರು ಇಟ್ಟಿಗೆಗಳಾಯಿತು. ಎಳೆಯಿಲ್ಲ, ಎಲೆಯಿಲ್ಲ.

“ರೀ, ಇಲ್ಲಿ ಸಣ್ಣದು ಸೇರಿಕೊಂಡಿದೆ. ದಪ್ಪದ್ದು ತೆಗೀರಿ.”

“ಅದೇ ದಪ್ಪದ್ದು.”

“ತಮಾಷೆ ಸಾಕು.”

“ಜಾಗ ತುಂಬಿಹೋಗಿತ್ತು ಮಾರಾಯ್ತಿ. ನೀನೇ ಹೇಳಿದ್ದೆಯಲ್ಲ, ದಪ್ಪದ್ದನ್ನೆಲ್ಲ ಸಣ್ಣ ಮಾಡಿ ಅಂತ. ಮಾಡಿದೆ.”

“ನಕಲು ತೆಗೆದು ಸಣ್ಣ ಮಾಡಿ ಅಂದದ್ದು ನಾನು! ಅಸಲನ್ನೇ ಹಿಂಡಿಬಿಟ್ರಾ?”

“ಹಾಗಂತ ಬಾಯಿಬಿಟ್ಟು ಹೇಳಿದ್ಯಾ?” ಎಂದು ದನಿ ಏರಿಸಿದವನು ತೆರೆಯ ಮೇಲಿನ ಇಟ್ಟಿಗೆಗಳನ್ನು ನೋಡಿ ಮೆತ್ತಗಾದ. “ಕ್ಯಾಮೆರಾದ ಕಾರ್ಡು?”

“ಅಳಿಸಿ ಮುಂದಿನ ಮದುವೆಗೆ ಹಾಕಿದ್ದೆ.”

ಒಂದೇ ಮಾತು, ಹೇಳಿದವಳಿಗೊಂದು, ಕೇಳಿದವನಿಗೊಂದು. ಹೊರಗೆ ಟೈಲರಮ್ಮ ಬರಿಗೋಡೆಯನ್ನು ತಡವಿ, ಫೋಟೋ ಎಷ್ಟಗಲ ಬರಬಹುದೆಂದು ಮಗಳನ್ನು ಕೇಳುತ್ತಿದ್ದಳು.

“ಹೊಸ ಸಾಫ್ಟ್‌ವೇರ್ ಒಂದಿದೆ,” ಗಂಡ ತಟಕ್ಕನೆ ಎದ್ದು ಕೂತ. “ಕಾಣದ್ದನ್ನ ತಾನೇ ಊಹಿಸಿ ತುಂಬುತ್ತೆ.”

ಗುಂಡಿ ಒತ್ತಿದ. ಫ್ಯಾನು ಗುರ್‍ರೆಂದಿತು. ಇಟ್ಟಿಗೆಗಳು ಕರಗಿ ಬಳ್ಳಿ ಮತ್ತೆ ಚಿಗುರಿತು. ಎಲೆಗೆ ಎಲೆ, ಎಳೆಗೆ ಎಳೆ. ಫೋಟೋ ಅಕ್ಕನ ಹೋದ ಜೀವ ಬಂದಂತಾಯಿತು. ಹತ್ತಿರ ಬಗ್ಗಿ ನೋಡಿದವಳು ಒಂದು ಎಲೆಯ ಮೇಲೆ ಬೆರಳಿಟ್ಟಳು. ಕತ್ತಿನ ಬಳಿಯ ಎಲೆಯೊಂದನ್ನು ಟೈಲರಮ್ಮ ನಿದ್ದೆಗಣ್ಣಲ್ಲಿ ತಲೆಕೆಳಗಾಗಿ ಹೊಲಿದಿದ್ದಳು. ತಾಯಿಮಗಳು ಅದಕ್ಕೆ ಬಿದ್ದುಬಿದ್ದು ನಕ್ಕಾಗಲೇ ಈ ಫೋಟೋ ತೆಗೆದದ್ದು. ಈಗ ಆ ಎಲೆ ನೆಟ್ಟಗೆ ನಿಂತಿತ್ತು.

“ಇದು ಯಾರು ಹೊಲಿದದ್ದು?”

“ಯಾರಾದ್ರೇನೇ? ಅವರಿಗೆ ಸರಿಯಾಗಿ ಕಣ್ಣೇ—”

ಅವಳು ಗಂಡನನ್ನು ಈಗ ತಾನೇ ಕಂಡವಳಂತೆ ದಿಟ್ಟಿಸಿದಳು. ಅವನು ನಾಲಿಗೆ ಕಚ್ಚಿಕೊಂಡ.

“ನಾನು ಹೇಳಿದ್ದು ಹಾಗಲ್ಲ, ಕೇಳಿಲ್ಲಿ...”

ಅವಳು ಗೋಡೆಯ ಮೊಳೆಯಿಂದ ಕ್ಯಾಮೆರಾ ತೆಗೆದು ಕೊರಳಿಗೆ ಹಾಕಿಕೊಂಡಳು.

“ಬಟ್ಟೆ ಇನ್ನೂ ಇದೆಯಲ್ಲ. ಒಂದು ಹೆಗಲು ಸಾಕು,” ಎಂದಳು.

“ಏನು ಸಾಕು? ಅವರ ಮುಖ ನೋಡಿ ಏನಂತ ಹೇಳ್ತೀಯ? ಮೊದಲು ಇಬ್ಬರೂ ಕೂತು ಯೋಚನೆ ಮಾಡಿ, ಆಮೇಲೆ ನಿಧಾನಕ್ಕೆ...”

ಅವನ ಮಾತು ಮುಗಿಯುವ ಮುಂಚೆಯೇ ಅವಳು ಪರದೆ ಸರಿಸಿ ಹೊರಕೋಣೆಗೆ ನಡೆದಿದ್ದಳು.